ಸ್ಪೈಕೋ, ಸ್ಪ್ರಿಂಗೋ: ಸ್ಪೀಕರಿನ ಕಾಲಡಿಯ ದೋಷವನ್ನು ಪತ್ತೆ ಹಚ್ಚುವ ಕ್ರಮ

ಧಾರವಾಡದಲ್ಲಿ ನಾವು ವಾಸವಾಗಿರುವುದು ಮೊದಲ ಮಹಡಿಯ ಮನೆಯಲ್ಲಿ. ಪಡಸಾಲೆ 4.3 ಮೀಟರ್ ಉದ್ದ, 3.4 ಮೀಟರ್ ಅಗಲವಿದ್ದು, ಆರ್‌ಸಿಸಿ ಸ್ಲ್ಯಾಬಿನ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸಿದ ನೆಲ ಅದರದು. ತಲಾ 24 ಕಿಲೋ ತೂಗುವ, ನೆಲದ ಮೇಲೆಯೇ ನಿಲ್ಲುವ ಎರಡು ಸ್ಪೀಕರುಗಳನ್ನು ಅಲ್ಲಿ ತಂದಿಟ್ಟ ವಾರದೊಳಗೆ ಎರಡು ತಕರಾರುಗಳು ಎದ್ದವು. ಒಂದು ನನ್ನದೇ: ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವಾಗ ಏರಿಳಿಯುವ ನಾದದಲ್ಲಿ ಒಂದೇ ಒಂದು ಸ್ವರ ಮಿಕ್ಕವುಗಳಿಗಿಂತ ದಪ್ಪಗೆ ಉಬ್ಬಿ, ಮುಂದಿನ ಬೋಲು ಬಂದ ಮೇಲೂ ಕೋಣೆಯಲ್ಲಿ ನಿಂತೇ ಇರುತ್ತಿತ್ತು. ಇನ್ನೊಂದು ಕೆಳಮನೆಯ ಅಕ್ಕನವರದು: “ಸರ, ನಿಮ್ಮ ತಬಲಾ ನಮ್ಮ ಮಂಚದಾಗ ಬಡೀತದರಿ.” ಎರಡೂ ಒಂದೇ ದೋಷದ ಎರಡು ಮುಖಗಳೆಂದು ತೀರ್ಮಾನಿಸಿದ ನಾನು, ಸ್ಪೀಕರಿನ ಜೊತೆಗೆ ಬಂದ ಉಕ್ಕಿನ ಸ್ಪೈಕುಗಳನ್ನು, ಅಂದರೆ ಮೊನಚು ಕಾಲುಗಳನ್ನು, ತಳಕ್ಕೆ ಹಾಕಿ ಬಿಗಿದೆ. ಒಂದು ಟೈಲಿನ ಮೇಲ್ಮೈ ಚಕ್ಕೆಯೆದ್ದು ಹೋಯಿತು. ತಕರಾರುಗಳು ಮಾತ್ರ ಎರಡೂ ಉಳಿದವು.

ಅವು ಎರಡು ಬೇರೆ ಬೇರೆ ದೋಷಗಳಾಗಿದ್ದವು. ಮೊದಲನೆಯದು ಗಾಳಿಯ ದಾರಿಯಲ್ಲಿ ಬರುತ್ತಿತ್ತು, ಎರಡನೆಯದರ ದೊಡ್ಡ ಪಾಲು ನೆಲದ ದಾರಿಯಲ್ಲಿ. ಸ್ಪೀಕರಿನ ಕಾಲಡಿಗೆ ಏನಿಟ್ಟರೂ ಅದು ಬದಲಿಸಬಲ್ಲದ್ದು ನೆಲದ ದಾರಿಯನ್ನು ಮತ್ತು ಪೆಟ್ಟಿಗೆಯ ಅಲುಗಾಟವನ್ನು ಮಾತ್ರ. ಗಾಳಿಯ ದಾರಿಯ ದೋಷಕ್ಕೆ ಸಾವಿರ ರೂಪಾಯಿಯ ಸ್ಪ್ರಿಂಗೂ ಐದು ರೂಪಾಯಿಯ ನಾಣ್ಯವೂ ಒಂದೇ. ಆದ್ದರಿಂದ ಯಾವ ಕಾಲನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, ಮೊದಲು ದೋಷ ಯಾವ ದಾರಿ ಹಿಡಿದಿದೆ ಎಂಬುದನ್ನು ಗುರುತಿಸಬೇಕು.

ದೋಷದ ದಾರಿಯನ್ನು ಗುರುತಿಸುವುದು

ಹಾಡು ನಿಲ್ಲಿಸಿದಾಗಲೂ ಸ್ಪೀಕರಿನಿಂದ ಗುಂಯ್ ಎಂಬ ಒಂದೇ ಸಮನಾದ ಸದ್ದು ಕೇಳುತ್ತಿದ್ದರೆ ಅದು 50 ಅಥವಾ 100 ಹರ್ಟ್ಜಿನ ವಿದ್ಯುತ್ ಗುಂಯ್ಗಾಟ. ಅರ್ಥಿಂಗ್, ಕೇಬಲ್ ಮತ್ತು ಆಂಪ್ಲಿಫೈಯರಿನ ಕಡೆಗೆ ನೋಡಬೇಕಾದ ಆ ದೋಷಕ್ಕೂ ಈ ಕೈಪಿಡಿಗೂ ಸಂಬಂಧವಿಲ್ಲ.

ಮಿಕ್ಕ ತಕರಾರುಗಳಿಗೆ ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಒಂದನ್ನು ಹಾಕಿಕೊಂಡು, ಮಾತಿನ ಗಟ್ಟಿತನಕ್ಕಿಂತ ಹೆಚ್ಚಿಲ್ಲದ ಧ್ವನಿಮಟ್ಟದಲ್ಲಿ 35 ಹರ್ಟ್ಜಿನಿಂದ 200 ಹರ್ಟ್ಜಿನವರೆಗೆ ಸ್ವರವನ್ನು ನಿಧಾನವಾಗಿ ಏರಿಸುತ್ತ ಹೋಗಬೇಕು. ಇದಕ್ಕಿಂತ ಕೆಳಗಿನ ಆವರ್ತನಗಳನ್ನು ಜೋರಾಗಿ ನುಡಿಸಿದರೆ ಸಣ್ಣ ವೂಫರುಗಳ (ತಗ್ಗು ಸ್ವರಗಳನ್ನು ನುಡಿಸುವ ಘಟಕಗಳ) ಕೋನ್ ಮಿತಿಮೀರಿ ಚಲಿಸಿ ಹಾಳಾಗುವ ಭಯವಿದೆ. ಎಲ್ಲಿ ಉಬ್ಬು ಬರುತ್ತದೆ, ಎಲ್ಲಿ ಏನು ಗಲಗಲ ಎನ್ನುತ್ತದೆ, ಎಲ್ಲಿ ಅಂಗಾಲಿಗೆ ನಡುಕ ತಟ್ಟುತ್ತದೆ ಎಂಬುದನ್ನು ಆವರ್ತನದ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಮ್ಮ ಭಾಗದ ಮನೆಗಳಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನೇ ಹಾಕಿ ಸ್ಪೀಕರನ್ನು ಪರೀಕ್ಷಿಸುವ ರೂಢಿಯಿದೆ. ಕೇಳುವ ಸುಖಕ್ಕೆ ಅದು ಸರಿ, ಪರೀಕ್ಷೆಗೆ ಸಾಲದು. ಏಕೆಂದರೆ ಗಾಯಕರ ದನಿ 100 ಹರ್ಟ್ಜಿಗಿಂತ ಕೆಳಗೆ ಇಳಿಯುವುದು ಅಪರೂಪ, ನೆಲದ ತಕರಾರುಗಳು ಇರುವುದೋ ಬಹುಪಾಲು ಅದರ ಕೆಳಗೆ. ಹಾರ್ಮೋನಿಯಮ್ಮಿನ ಕಪ್ಪು ಒಂದರ ಮನೆಗೆ ಶ್ರುತಿ ಮಾಡಿದ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗು ಸ್ವರದ, ತಂತಿ ಸುಮಾರು 69 ಹರ್ಟ್ಜಿನಲ್ಲಿ ಮಿಡಿಯುತ್ತದೆ. ಸಂಗೀತದಿಂದಲೇ ಪರೀಕ್ಷಿಸುವ ಹಟವಿದ್ದವರು, ಗಾಯನ ಆರಂಭವಾಗುವ ಮೊದಲು ತಂಬೂರಿಯಷ್ಟೇ ನುಡಿಯುವ ಆ ಅರ್ಧ ನಿಮಿಷವನ್ನು ಬಳಸಬಹುದು.

ಒಂದು ಆವರ್ತನದಲ್ಲಿ ಉಬ್ಬು ಕಂಡರೆ, ಅದೇ ಸ್ವರವನ್ನು ನುಡಿಯಲು ಬಿಟ್ಟು ಎದ್ದು ಕೋಣೆಯಲ್ಲಿ ಅಡ್ಡಾಡಬೇಕು. ಒಂದು ಮೀಟರ್ ಸರಿದೊಡನೆ ಉಬ್ಬು ಕರಗಿ, ಗೋಡೆಯ ಹತ್ತಿರ ಹೋದೊಡನೆ ಮತ್ತೆ ಬಂದರೆ ಅದು ಕೋಣೆಯ ಗಾಳಿಯ ಅನುರಣನೆ. ಪಂಚಮಿಯ ಜೋಕಾಲಿಯನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದಾಗ ಸಣ್ಣ ನೂಕಿಗೂ ಹೇಗೆ ಎತ್ತರಕ್ಕೆ ಏರುತ್ತದೆಯೋ ಹಾಗೆ, ಎದುರುಬದುರು ಗೋಡೆಗಳ ನಡುವಣ ಗಾಳಿಯೂ ತನ್ನ ಆವರ್ತನ ಸಿಕ್ಕಾಗ ಉಬ್ಬುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಆವರ್ತನ ಸಿಗುತ್ತದೆ. ನಮ್ಮ 4.3 ಮೀಟರ್ ಉದ್ದಕ್ಕೆ ಅದು 40 ಹರ್ಟ್ಜ್, ಅದರ ಇಮ್ಮಡಿ 80 ಹರ್ಟ್ಜ್. ನನ್ನ ಹಾಳೆಯಲ್ಲಿ ಡಗ್ಗಾದ ಉಬ್ಬು ಇದ್ದದ್ದು ಸರಿಯಾಗಿ 80ರ ಆಸುಪಾಸಿನಲ್ಲಿ. ನನ್ನ ಕುರ್ಚಿ ಹಿಂದಿನ ಗೋಡೆಗೆ ಆತುಕೊಂಡಿತ್ತು, ಮತ್ತು ಗೋಡೆಯ ಬುಡದಲ್ಲಿ ಈ ಉಬ್ಬು ಯಾವಾಗಲೂ ಗರಿಷ್ಠ. ಕಿವಿ ಇರುವ ಜಾಗವನ್ನು ಗೋಡೆಯಿಂದ 70 ಸೆಂಟಿಮೀಟರ್ ಮುಂದಕ್ಕೆ ತಂದರೆ ಲೆಕ್ಕದ ಪ್ರಕಾರ 80 ಹರ್ಟ್ಜಿನ ಒತ್ತಡ ಅರ್ಧಕ್ಕೆ ಇಳಿಯಬೇಕು. ಕುರ್ಚಿಯನ್ನು ಅಷ್ಟು ಎಳೆದೆ, ಡಗ್ಗಾ ಸರಿಯಾಯಿತು. ಸ್ಪೈಕಿಗೆ ಇದರಲ್ಲಿ ಪಾತ್ರವೇ ಇರಲಿಲ್ಲ.

ಗಲಗಲ ಸದ್ದು ಬಂದರೆ ಬೇರೆ ವಿಚಾರ. ಶೋಕೇಸಿನ ಗಾಜು, ದೇವರ ಪಟದ ಕಟ್ಟು, ಕಿಟಕಿಯ ಚಿಲಕ, ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಮುಚ್ಚಳ, ಹಳೆಯ ಮನೆಯಾದರೆ ಮಂಗಳೂರು ಹಂಚು, ಇವುಗಳಲ್ಲಿ ಯಾವುದು ಹಾಡುತ್ತಿದೆ ಎಂದು ಒಂದೊಂದನ್ನೇ ಅಂಗೈಯಿಂದ ಒತ್ತಿ ಹಿಡಿದು ನೋಡಬೇಕು. ಸಿಕ್ಕ ವಸ್ತುವಿಗೆ ಒಂದು ತುಂಡು ಫೆಲ್ಟ್ ಅಂಟಿಸಿದರೆ ಮುಗಿಯಿತು.

ಟ್ಯೂಬಿನ ಪರೀಕ್ಷೆ

ಉಬ್ಬು ಎಲ್ಲಿ ನಿಂತರೂ ಒಂದೇ ತೆರನಾಗಿದ್ದರೆ, ಅಂಗಾಲಿಗೆ ನಡುಕ ತಿಳಿಯುತ್ತಿದ್ದರೆ, ಅಥವಾ ತಕರಾರು ಕೆಳಮನೆಯಿಂದ ಬಂದಿದ್ದರೆ ನೆಲದ ದಾರಿಯನ್ನು ಶಂಕಿಸಬೇಕು. ಶಂಕೆಯನ್ನು ಖಚಿತಪಡಿಸಿಕೊಳ್ಳಲು ಏನನ್ನೂ ಕೊಳ್ಳಬೇಕಾಗಿಲ್ಲ. ಮಕ್ಕಳ ಸೈಕಲ್ಲಿನ ಹಳೆಯ ಟ್ಯೂಬೊಂದನ್ನು ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು, ಮೇಲಿನ ಹಲಗೆಯ ಮೇಲೆ ಸ್ಪೀಕರನ್ನು ನಿಲ್ಲಿಸಿ, ಹಲಗೆಗಳು ಒಂದನ್ನೊಂದು ಮುಟ್ಟದಂತೆ ಮೇಲಿನದು ತೇಲಿ ನಿಲ್ಲುವಷ್ಟು ಮಾತ್ರ ಗಾಳಿ ತುಂಬಬೇಕು. ಗಟ್ಟಿಯಾಗಿ ತುಂಬಿದರೆ ಟ್ಯೂಬು ಕಲ್ಲಿನಂತಾಗಿ ಪರೀಕ್ಷೆ ಕೆಡುತ್ತದೆ. ಸ್ಪೀಕರ್ ಓಲಾಡುವುದರಿಂದ ಹತ್ತಿರದಲ್ಲೇ ನಿಂತಿರಬೇಕು, ಆದರೆ ಸ್ವರ ನುಡಿಯುವಾಗ ಕೈಯಿಂದ ಹಿಡಿಯಬಾರದು. ಈಗ ಅದೇ ಸ್ವರವನ್ನು ಅದೇ ಧ್ವನಿಮಟ್ಟದಲ್ಲಿ ನುಡಿಸಿ, ನೆಲಕ್ಕೆ ಅಂಗೈ ಇಟ್ಟು ನೋಡಬೇಕು. ತಕರಾರು ಕೆಳಮನೆಯದಾಗಿದ್ದರೆ ಅವರನ್ನೇ ಕೇಳಬೇಕು. ದೋಷ ಕುಗ್ಗಿದರೆ ಅದು ನೆಲದ ದಾರಿಯದು, ಸ್ಪ್ರಿಂಗಿನಿಂದ ಪ್ರಯೋಜನವಿದೆ. ಒಂದಿಷ್ಟೂ ಕುಗ್ಗದಿದ್ದರೆ ಗಾಳಿಯದು, ಸ್ಪ್ರಿಂಗಿನ ಹಣ ಉಳಿಯಿತು.

ಟ್ಯೂಬಿನ ಬದಲು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಬಟ್ಟೆ 24 ಕಿಲೋ ಭಾರಕ್ಕೆ ಚಪ್ಪಟೆಯಾಗಿ ಬಿಗಿದುಕೊಳ್ಳುವುದರಿಂದ ಅದು ಕಡಿಮೆ ಆವರ್ತನದ ಕಂಪನವನ್ನು ಬಹುತೇಕ ಹಾಗೆಯೇ ದಾಟಿಸುತ್ತದೆ.

ನೆಲದ ನಡುಕವನ್ನು ಕಣ್ಣಿನಿಂದಲೇ ನೋಡಬಯಸುವವರು ಮೊಬೈಲಿನ ವೇಗೋತ್ಕರ್ಷ ಮಾಪಕವನ್ನು ತೋರಿಸುವ ಫೈಫಾಕ್ಸ್ ಎಂಬ ಉಚಿತ ಆ್ಯಪನ್ನು ಬಳಸಬಹುದು. ಮೊಬೈಲನ್ನು ಸ್ಪೀಕರಿನ ಪಕ್ಕದ ನೆಲದ ಮೇಲೆ ಮಲಗಿಸಿ, ಮೊದಲಿನ ಮತ್ತು ನಂತರದ ಗೆರೆಗಳನ್ನು ಹೋಲಿಸಿದರಾಯಿತು. ನಮ್ಮ ಮನೆಯಲ್ಲಿ ಗೆರೆಯ ಅಗಲ ಟ್ಯೂಬಿನ ಮೇಲೆ ಎದ್ದು ಕಾಣುವಷ್ಟು ಕಿರಿದಾಯಿತು. ಕೆಳಗಿನ ಅಕ್ಕನವರು ಮಂಚದ ಮೇಲೆ ಕುಳಿತು “ಈಗ ಇಲ್ಲರಿ” ಎಂದು ಕೂಗಿ ಹೇಳಿದ್ದು ಅದಕ್ಕಿಂತ ನಂಬಲರ್ಹವಾದ ಸಾಕ್ಷಿ.

ನೆಲವನ್ನು ತಟ್ಟಿ ನೋಡುವುದು

ನಮ್ಮ ಕಡೆ ಮುಖ್ಯವಾಗಿ ಮೂರು ಬಗೆಯ ನೆಲಗಳಿವೆ. ಹಳೆಯ ನೆಲಮನೆಗಳಲ್ಲಿ ಗರಸು ತುಂಬಿ ಅದರ ಮೇಲೆ ಹಾಸಿದ ಶಹಾಬಾದ ಫರಸಿ. ಬಹುಮಹಡಿ ಮನೆಗಳಲ್ಲಿ ಆರ್‌ಸಿಸಿ ಸ್ಲ್ಯಾಬ್. ಅಲ್ಲೊಂದು ಇಲ್ಲೊಂದು ಉಳಿದಿರುವ ವಾಡೆಯಂಥ ಮನೆಗಳಲ್ಲಿ ತೊಲೆ-ಜಂತಿಯ ಮೇಲಿನ ಹಲಗೆಯ ಮಹಡಿ. ಇವು ಮೂರೂ ಸ್ಪೀಕರಿಗೆ ಮೂರು ಬೇರೆ ಉತ್ತರಗಳನ್ನು ಕೊಡುತ್ತವೆ.

ಭೂಮಿಗೆ ಕೂತ ಫರಸಿ ನೆಲ ಗಟ್ಟಿಮುಟ್ಟಾಗಿದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದು ನಡುಗುವುದೇ ಇಲ್ಲವೆನ್ನುವಷ್ಟು ಕಡಿಮೆ ನಡುಗುತ್ತದೆ, ಕೆಳಗೆ ಯಾರೂ ಮಲಗಿರುವುದಿಲ್ಲ; ಅಲ್ಲಿ ಸ್ಪ್ರಿಂಗಿನಿಂದ ಕಿವಿಗೆ ತಿಳಿಯುವ ಲಾಭ ತೀರ ಸ್ವಲ್ಪ. ಆದರೆ ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗಗಳ ಕಡೆಗೆ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲಿನ ಮನೆಯಲ್ಲಿ ಫರಸಿಯ ಕೆಳಗಿನ ಭರ್ತಿ ಕುಸಿದು ಕಲ್ಲು ಟೊಳ್ಳಾಗಿ ನಿಂತಿರುವುದು ಅಪರೂಪವೇನಲ್ಲ. ಗೌಂಡಿಗಳು ಮಾಡುವಂತೆ ಬೆರಳಿನ ಗೆಣ್ಣಿನಿಂದ ಅಥವಾ ನಾಣ್ಯದಿಂದ ಕಲ್ಲನ್ನು ನಡುವೆಯೂ ನಾಲ್ಕು ಮೂಲೆಗಳಲ್ಲೂ ತಟ್ಟಿ ನೋಡಬೇಕು. ಟಕ್ ಎಂದರೆ ಗಟ್ಟಿ, ಡಬ್ ಎಂದರೆ ಟೊಳ್ಳು. ಟೊಳ್ಳು ಕಲ್ಲಿನ ಮೇಲೆ ಸ್ಪೈಕ್ ನಿಲ್ಲಿಸಿದರೆ ಆ ಕಲ್ಲೇ ಡಗ್ಗಾದ ಚರ್ಮವಾಗುತ್ತದೆ. ಸ್ಪೀಕರನ್ನು ಪಕ್ಕದ ಗಟ್ಟಿ ಕಲ್ಲಿಗೆ ಸರಿಸುವುದು, ಆಗದಿದ್ದರೆ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸುವುದು, ಇವೇ ಅದಕ್ಕೆ ಮದ್ದು. ಒಂದೇ ಸ್ಪೀಕರಿನ ಕಾಲುಗಳು ಎರಡು ಕಲ್ಲುಗಳ ಮೇಲೆ ಹಂಚಿಹೋಗದಂತೆಯೂ ನೋಡಿಕೊಳ್ಳಬೇಕು.

ಆರ್‌ಸಿಸಿ ಸ್ಲ್ಯಾಬ್ ಭಾರವಾದರೂ ನಾಲ್ಕು ಅಂಚುಗಳಲ್ಲಿ ಮಾತ್ರ ಆಧಾರವಿರುವುದರಿಂದ ನಡುವೆ ಬಾಗಿ ನಡುಗುತ್ತದೆ. ಅದೇ ಕೆಳಮನೆಯ ಮಾಳಿಗೆಯಾದ್ದರಿಂದ ನಮಗೆ ತಿಳಿಯದ ನಡುಕ ಅವರಿಗೆ ಸದ್ದಾಗಿ ಕೇಳುತ್ತದೆ. ಸ್ಪೀಕರನ್ನು ಕೋಣೆಯ ನಡುವಿನಿಂದ ತೊಲೆಯ ಅಥವಾ ಗೋಡೆಯ ಸಮೀಪಕ್ಕೆ ಸರಿಸಿದರೂ ಸ್ಲ್ಯಾಬಿಗೆ ಹೋಗುವ ಕಂಪನ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಗೋಡೆಗೆ ಹತ್ತಿರವಾದಷ್ಟೂ ಗಾಳಿಯ ಉಬ್ಬು ಹೆಚ್ಚುವುದರಿಂದ ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳಬಾರದು.

ಹಲಗೆಯ ಮಹಡಿಯದು ಎಲ್ಲಕ್ಕಿಂತ ಕಷ್ಟದ ಪ್ರಕರಣ. ಜನ ನಡೆದಾಡಿದರೆ ನೆಲವೇ ತೂಗುತ್ತದೆ, ಮತ್ತು ಆ ತೂಗಿನ ಆವರ್ತನ ಸ್ಪ್ರಿಂಗಿನ ಆವರ್ತನಕ್ಕೆ ಹತ್ತಿರವಿದ್ದರೆ ಸ್ಪೀಕರ್ ಹೆಜ್ಜೆಹೆಜ್ಜೆಗೂ ತಲೆಯಾಡಿಸುತ್ತದೆ. ಸ್ಪೈಕ್ ಹಾಕಿದರೆ ಹಲಗೆಗಳೆಲ್ಲ ಸ್ಪೀಕರಿನ ಜೊತೆಗೆ ನುಡಿಯುತ್ತವೆ. ಇಂಥ ಕಡೆ ಜಂತಿಗಳಿಗೆ ಅಡ್ಡಲಾಗಿ ಎರಡು ಜಂತಿಗಳ ಮೇಲೆ ಬರುವಂತೆ ದಪ್ಪ ಫರಸಿಯೊಂದನ್ನು ಮೊದಲು ಹಾಸಿ, ಅದರ ಮೇಲೆ ಮೆದು ಸ್ಪ್ರಿಂಗ್ ಇಟ್ಟು ಪ್ರಯತ್ನಿಸಬಹುದು. ಕಲ್ಲಿನ ಭಾರವನ್ನು ಹಳೆಯ ಜಂತಿಗಳು ಹೊರಬಲ್ಲವೇ ಎಂಬುದನ್ನು ಬಡಿಗರಿಂದ ಮೊದಲೇ ತಿಳಿದುಕೊಳ್ಳುವುದು ಕ್ಷೇಮ.

ಸ್ಪೈಕ್ ಸಲ್ಲುವ ಕಡೆ

ಸ್ಪೈಕ್ ಮಾಡುವ ಕೆಲಸ ಸರಳ: ಪೆಟ್ಟಿಗೆ ಓಲಾಡದಂತೆ ಅದನ್ನು ನೆಲಕ್ಕೆ ಗಟ್ಟಿಯಾಗಿ ನಿಲ್ಲಿಸುತ್ತದೆ, ದಪ್ಪ ಹಾಸಿನ ಮೆದುವನ್ನು ದಾಟಿ ಗಟ್ಟಿ ನೆಲವನ್ನು ಮುಟ್ಟುತ್ತದೆ, ಮತ್ತು ತಿರುಪಿನಿಂದ ಮಟ್ಟವನ್ನು ಸರಿಪಡಿಸಲು ಅನುಕೂಲ ಮಾಡಿಕೊಡುತ್ತದೆ. ಪೆಟ್ಟಿಗೆಯ ಕಂಪನವನ್ನು ಅದು ಒಂದೇ ದಿಕ್ಕಿನಲ್ಲಿ ನೆಲಕ್ಕೆ ಬಸಿದು ಹಾಕುತ್ತದೆ, ನೆಲದಿಂದ ಮೇಲಕ್ಕೆ ಬರಗೊಡುವುದಿಲ್ಲ ಎಂದು ಮಾರಾಟದ ಹಾಳೆಗಳಲ್ಲಿ ಬರೆದಿರುತ್ತಾರೆ, ಅದು ನಿಜವಲ್ಲ. ಗಟ್ಟಿ ಸಂಪರ್ಕ ಕಂಪನವನ್ನು ಎರಡೂ ದಿಕ್ಕಿಗೆ ಸಮನಾಗಿ ದಾಟಿಸುತ್ತದೆ.

ಫರಸಿಯ ಹಾಸು ಏರುತಗ್ಗಾಗಿದ್ದು ಸ್ಪೀಕರಿನ ಒಂದು ಮೂಲೆ ಎದ್ದು ನಿಂತಿದ್ದರೆ ಸ್ಪೈಕೇ ಸರಿಯಾದ ಉತ್ತರ. ಸ್ಪೀಕರಿನ ನೆತ್ತಿಯನ್ನು ಒಂದು ಬೆರಳಿನಿಂದ ಮೂಲೆಯಿಂದ ಮೂಲೆಗೆ ಒತ್ತಿ ನೋಡಿದಾಗ ಟಕಟಕ ಎಂದರೆ ಆ ದೋಷವಿದೆಯೆಂದೇ ಅರ್ಥ. ಸಾಮಾನ್ಯವಾಗಿ ಸಿಗುವ ಎಂ8 ತಿರುಪಿನಲ್ಲಿ ಒಂದು ಸುತ್ತಿಗೆ 1.25 ಮಿಲಿಮೀಟರ್ ಎತ್ತರ ಬದಲಾಗುವುದರಿಂದ ರಸಮಟ್ಟವನ್ನು ನೆತ್ತಿಯ ಮೇಲಿಟ್ಟುಕೊಂಡು ಕಾಲು ಕಾಲು ಸುತ್ತಿನಂತೆ ಸರಿಪಡಿಸಬಹುದು. ಮಟ್ಟವಾದ ಮೇಲೆ ಲಾಕ್ ನಟ್ಟನ್ನು ಬಿಗಿಯದಿದ್ದರೆ ಸ್ಪೈಕ್ ತಾನೇ ಗಲಗಲಿಸತೊಡಗುತ್ತದೆ.

ನಾನು ಟೈಲನ್ನು ಕಳೆದುಕೊಂಡದ್ದಕ್ಕೆ ಲೆಕ್ಕ ಇಷ್ಟೇ. 24 ಕಿಲೋ ಭಾರ ನಾಲ್ಕು ಕಾಲುಗಳಿಗೆ ಹಂಚಿದರೆ ತಲಾ 6 ಕಿಲೋ, ಅಂದರೆ ಸುಮಾರು 59 ನ್ಯೂಟನ್. ಮೊನೆಯ ಅಗಲ 1 ಮಿಲಿಮೀಟರ್ ಇದ್ದರೆ ಅದರ ಕ್ಷೇತ್ರ 0.8 ಚದರ ಮಿಲಿಮೀಟರಿಗಿಂತ ಕಡಿಮೆ. ಪ್ರತಿ ಚದರ ಮಿಲಿಮೀಟರಿಗೆ 75 ನ್ಯೂಟನ್ ಒತ್ತಡ. ಸ್ಪೀಕರನ್ನು ಓರೆ ಮಾಡಿ ಸರಿಸುವಾಗ ಪೂರ್ತಿ ಭಾರ ಎರಡೇ ಮೊನೆಗಳ ಮೇಲೆ ಬಂದು ಅದು ಇಮ್ಮಡಿಯಾಗುತ್ತದೆ. ಮೊನೆಯ ಕೆಳಗೆ ಹಿತ್ತಾಳೆಯ ಬಿಲ್ಲೆ ಅಥವಾ ದಪ್ಪ ನಾಣ್ಯ ಇಡುವುದನ್ನು ಮರೆಯಬಾರದು, ಸ್ಪೈಕ್ ಹಾಕಿದ ಮೇಲೆ ಸ್ಪೀಕರನ್ನು ಎಳೆದಾಡಬಾರದು. ನವಲಗುಂದದ ಜಮಖಾನೆಯ ಮೇಲೆ ಸ್ಪೀಕರ್ ಇಡುವವರಿಗೂ ನನ್ನ ಸಲಹೆ ಒಂದೇ: ಜಮಖಾನೆಯನ್ನು ಸ್ಪೀಕರಿನ ಮುಂಭಾಗಕ್ಕೆ ಎಳೆದುಕೊಳ್ಳಿ. ಕೈಮಗ್ಗದ ನೆಯ್ಗೆಗೆ ಉಕ್ಕಿನ ಮೊನೆ ಚುಚ್ಚಿಸುವಷ್ಟು ದೊಡ್ಡ ಲಾಭ ಇದರಲ್ಲಿಲ್ಲ.

ಸ್ಪ್ರಿಂಗಿನ ಲೆಕ್ಕ

ಸ್ಪ್ರಿಂಗಿನ ಕೆಲಸ ಇದಕ್ಕೆ ತದ್ವಿರುದ್ಧ, ಪೆಟ್ಟಿಗೆಯನ್ನು ನೆಲದಿಂದ ಬಿಡಿಸುವುದು. ಅದು ಯಾವ ಆವರ್ತನದಿಂದ ಮೇಲಕ್ಕೆ ಬಿಡಿಸುತ್ತದೆ ಎಂಬುದು ಒಂದೇ ಅಳತೆಯಿಂದ ತಿಳಿಯುತ್ತದೆ: ಸ್ಪೀಕರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಮಿಲಿಮೀಟರ್ ಕುಗ್ಗಿತು ಎಂಬುದು. 1 ಮಿಲಿಮೀಟರ್ ಕುಗ್ಗಿದರೆ ಸ್ಪ್ರಿಂಗಿನ ಮೇಲೆ ಸ್ಪೀಕರ್ ತೂಗುವ ಸ್ವಂತ ಆವರ್ತನ ಸುಮಾರು 16 ಹರ್ಟ್ಜ್, 2.5 ಮಿಲಿಮೀಟರಿಗೆ 10, 5 ಮಿಲಿಮೀಟರಿಗೆ 7, 10 ಮಿಲಿಮೀಟರಿಗೆ 5. ಈ ಸ್ವಂತ ಆವರ್ತನದ 1.4 ಪಟ್ಟಿಗಿಂತ ಮೇಲೆ ಮಾತ್ರ ತಡೆ ಆರಂಭವಾಗುತ್ತದೆ. ಅದಕ್ಕಿಂತ ಕೆಳಗೆ ಸ್ಪ್ರಿಂಗು ಕಂಪನವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. 7 ಹರ್ಟ್ಜಿನ ಸ್ಪ್ರಿಂಗು 40 ಹರ್ಟ್ಜಿನ ಕಂಪನದಲ್ಲಿ ಸುಮಾರು ಮೂವತ್ತರಲ್ಲಿ ಒಂದು ಪಾಲನ್ನು ಮಾತ್ರ ದಾಟಿಸುತ್ತದೆ ಎನ್ನುವುದು ಕಾಗದದ ಲೆಕ್ಕ. ಸ್ಲ್ಯಾಬು ತಾನೂ ಬಾಗುವುದರಿಂದ ನಿಜವಾದ ಮನೆಯಲ್ಲಿ ಅಷ್ಟು ಸಿಗದು, ಆದರೆ ಅರ್ಧ ಸಿಕ್ಕರೂ ಮಂಚಕ್ಕೆ ಅದು ಸಾಕು.

ಹೀಗಾಗಿ ನನಗೆ ಬೇಕಾದದ್ದು 6 ಕಿಲೋ ಭಾರಕ್ಕೆ 5 ಮಿಲಿಮೀಟರ್ ಕುಗ್ಗುವ ಸ್ಪ್ರಿಂಗು. ಸಿದ್ಧ ಸ್ಪ್ರಿಂಗ್ ಕಾಲುಗಳ ಪೊಟ್ಟಣದ ಮೇಲೆ ಬರೆದಿರುವುದು ಸಾಮಾನ್ಯವಾಗಿ ಗರಿಷ್ಠ ಭಾರ ಮಾತ್ರ. ಗರಿಷ್ಠ ಭಾರ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ತಿಳಿದು 20 ಕಿಲೋ ಹೊರುವ ಸ್ಪ್ರಿಂಗನ್ನು 6 ಕಿಲೋ ಭಾರಕ್ಕೆ ಹಾಕಿದರೆ ಅದು ಬೇಕಾದಷ್ಟು ಕುಗ್ಗುವುದಿಲ್ಲ, ದುಬಾರಿ ಸ್ಪೈಕಾಗಿ ಕೂರುತ್ತದೆ. ತೀರ ಮೆದುವಾದದ್ದನ್ನು ಹಾಕಿದರೆ ಸುರುಳಿಗಳು ಒಂದಕ್ಕೊಂದು ತಾಗಿ ಅದೂ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ನೋಡುವಾಗ 5 ಲೀಟರಿನ ನೀರಿನ ಕ್ಯಾನೊಂದನ್ನು ಸ್ಪ್ರಿಂಗಿನ ಮೇಲೆ ಹಿಡಿದು ಅಳತೆಪಟ್ಟಿಯಿಂದ ಕುಗ್ಗುವಿಕೆಯನ್ನು ನೋಡಬಹುದು. 5 ಕಿಲೋಗೆ 4 ಮಿಲಿಮೀಟರಿಗಿಂತ ತುಸು ಹೆಚ್ಚು ಕುಗ್ಗಿದರೆ ನನ್ನ ಲೆಕ್ಕಕ್ಕೆ ಸರಿ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಯಂತ್ರದ ಬಿಡಿಭಾಗಗಳ ಅಂಗಡಿಯಲ್ಲಿ ಎಂಟು ಗಿಡ್ಡ ಸ್ಪ್ರಿಂಗುಗಳನ್ನು ಆರಿಸಿಕೊಂಡೆ. ಗಿಡ್ಡವೆಂದದ್ದಕ್ಕೆ ಕಾರಣವಿದೆ: ಅಗಲಕ್ಕೆ ಹೋಲಿಸಿದರೆ ತೀರ ಉದ್ದವಾದ ಸ್ಪ್ರಿಂಗು ಭಾರಕ್ಕೆ ಪಕ್ಕಕ್ಕೆ ಬಳುಕುತ್ತದೆ.

ಸ್ಪೀಕರ್ ಸ್ಪ್ರಿಂಗಿನ ಮೇಲೆ ಅಲ್ಲಾಡಿದರೆ ಡಗ್ಗಾದ ಪೆಟ್ಟು ಸತ್ತುಹೋಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ವೂಫರಿನ ಚಲಿಸುವ ಭಾಗ ಸುಮಾರು 24 ಗ್ರಾಂ ಇದ್ದು ಪೆಟ್ಟಿಗೆ 24 ಕಿಲೋ ಇದ್ದರೆ ಅನುಪಾತ ಸಾವಿರಕ್ಕೆ ಒಂದು. ಕೋನ್ 2 ಮಿಲಿಮೀಟರ್ ಮುಂದೆ ಹೋದಾಗ ಪೂರ್ತಿ ಬಿಡುವಾಗಿರುವ ಪೆಟ್ಟಿಗೆ ಹಿಂದೆ ಸರಿಯುವುದು 2 ಮೈಕ್ರಾನ್ ಮಾತ್ರ. ಅಷ್ಟರಿಂದ ಆಗುವ ನಷ್ಟವನ್ನು ಕಿವಿ ಹಿಡಿಯಲಾರದು. ಬೆರಳಿನಿಂದ ನೂಕಿದಾಗ ಪೆಟ್ಟಿಗೆ ಓಲಾಡುವುದು ಕಣ್ಣಿಗೆ ಕಾಣುವುದರಿಂದ ಕಿವಿಗೂ ಕೇಳಿದಂತಾಗುತ್ತದೆ, ಅಷ್ಟೇ. ಗ್ರಾಮಫೋನ್ ತಟ್ಟೆ ನುಡಿಸುವವರಿಗೆ ಮಾತ್ರ ಒಂದು ಎಚ್ಚರಿಕೆ: ಡೊಂಕಾದ ತಟ್ಟೆಯಿಂದ ಬರುವ ಕೆಲವೇ ಹರ್ಟ್ಜಿನ ಅಲೆ ಸ್ಪ್ರಿಂಗಿನ ಆವರ್ತನಕ್ಕೆ ಸಮೀಪವಾಗಬಹುದು; ಅವರು ಕಿವಿಗೆ ಕೇಳದಷ್ಟು ತಗ್ಗಿನ ಅಲೆಗಳನ್ನು ತಡೆಯುವ ಆಂಪ್ಲಿಫೈಯರಿನ ಸಬ್‌ಸಾನಿಕ್ ಫಿಲ್ಟರನ್ನು ಹಾಕಿಟ್ಟುಕೊಳ್ಳಬೇಕು.

ಎತ್ತರದ ತೆಳು ಪೆಟ್ಟಿಗೆ ಉರುಳುವ ಅಪಾಯವೇ ನಿಜವಾದ ಅಪಾಯ. ಸ್ಪ್ರಿಂಗುಗಳನ್ನು ಪೆಟ್ಟಿಗೆಯ ತಳಕ್ಕೆ ನೇರವಾಗಿ ಹಾಕದೆ, ಎರಡೂ ಬದಿಗೆ ಒಂದೊಂದು ಗೇಣಿಗೆ ಸ್ವಲ್ಪ ಕಡಿಮೆ ಚಾಚಿಕೊಂಡಿರುವ 18 ಮಿಲಿಮೀಟರ್ ಪ್ಲೈವುಡ್ ಹಲಗೆಗೆ ಸ್ಪೀಕರನ್ನು ಬಿಗಿದು, ಹಲಗೆಯ ಮೂಲೆಗಳಿಗೆ ಸ್ಪ್ರಿಂಗ್ ಕೊಟ್ಟರೆ ಓಲಾಟವೂ ಅಪಾಯವೂ ಕಡಿಮೆಯಾಗುತ್ತವೆ. ಮನೆಯಲ್ಲಿ ಅಂಬೆಗಾಲಿನ ಮಕ್ಕಳಿದ್ದರೆ ಸ್ಪ್ರಿಂಗಿನ ಯೋಚನೆಯನ್ನೇ ಮುಂದೂಡುವುದು ಒಳಿತು. ವೂಫರುಗಳ ಭಾರದಿಂದ ಪೆಟ್ಟಿಗೆಯ ಮುಂಭಾಗ ಹೆಚ್ಚು ತೂಗುವುದರಿಂದ ಮುಂದಿನ ಸ್ಪ್ರಿಂಗುಗಳು ಹೆಚ್ಚು ಕುಗ್ಗುತ್ತವೆ. ರಸಮಟ್ಟದ ಗುಳ್ಳೆ ನಡುವೆ ಬರುವವರೆಗೆ ಹಿಂದಿನ ಎರಡು ಸ್ಪ್ರಿಂಗುಗಳನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸಿ ಸರಿದೂಗಿಸಬೇಕು. ಉಕ್ಕಿನ ಸುರುಳಿ ತನ್ನ ತಂತಿಯ ಉದ್ದಕ್ಕೂ ಮೇಲಿನ ಆವರ್ತನಗಳನ್ನು ಸಾಗಿಸುವುದರಿಂದ ಪ್ರತಿ ಸ್ಪ್ರಿಂಗಿನ ಕೆಳಗೆ 3 ಮಿಲಿಮೀಟರ್ ರಬ್ಬರ್ ತುಂಡು ಬೇಕು. ಸುರುಳಿಯ ಒಳಗೆ ಒಂದು ತುಂಡು ಫೋಮ್ ತುರುಕಿದರೆ ಮುಟ್ಟಿದಾಗ ಬಹಳ ಹೊತ್ತು ತೂಗುವುದು ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ಮೊಬೈಲನ್ನು ಸ್ಪೀಕರಿನ ನೆತ್ತಿಯ ಮೇಲಿಟ್ಟು, ನೆತ್ತಿಯನ್ನು ನೇರವಾಗಿ ಕೆಳಕ್ಕೆ ಒತ್ತಿ ಬಿಟ್ಟರೆ ಫೈಫಾಕ್ಸಿನ ಗೆರೆಯಲ್ಲಿ ಸೆಕೆಂಡಿಗೆ ಏಳು ಅಲೆಗಳು ಕಾಣಬೇಕು. ಹದಿನೈದು ಕಂಡರೆ ಎಲ್ಲೋ ಸುರುಳಿ ತಾಗುತ್ತಿದೆ ಅಥವಾ ಸ್ಪ್ರಿಂಗು ಗಟ್ಟಿಯಾಗಿದೆ.

ಹೋಲಿಸುವಾಗ ಆಗುವ ಮೋಸ

ಸ್ಪೈಕ್ ತೆಗೆದು ಸ್ಪ್ರಿಂಗ್ ಹಾಕಿದೊಡನೆ ಹಾಡು ಬೇರೆಯಾಗಿ ಕೇಳಿದರೆ, ಅದಕ್ಕೆ ಸ್ಪ್ರಿಂಗೇ ಕಾರಣವೆಂದು ತಕ್ಷಣ ನಂಬಬಾರದು. ಹಲಗೆ ಮತ್ತು ಸ್ಪ್ರಿಂಗು ಸೇರಿ ಸ್ಪೀಕರನ್ನು ನಾಲ್ಕೈದು ಸೆಂಟಿಮೀಟರ್ ಮೇಲಕ್ಕೆ ಎತ್ತಿರುತ್ತವೆ. 250 ಮಿಲಿಮೀಟರ್ ಆಳದ ಪೆಟ್ಟಿಗೆಯ ಮುಂಭಾಗ 5 ಮಿಲಿಮೀಟರ್ ತಗ್ಗಿದರೂ, 2.5 ಮೀಟರ್ ದೂರದಲ್ಲಿ ಕುಳಿತವರಿಗೆ ಟ್ವೀಟರಿನ (ಮೇಲಿನ ಸ್ವರಗಳನ್ನು ನುಡಿಸುವ ಘಟಕದ) ನೇರ 5 ಸೆಂಟಿಮೀಟರ್ ಕೆಳಗೆ ಬಿದ್ದಿರುತ್ತದೆ. ಸ್ಪೈಕಿನ ಕೆಳಗೂ ಅಷ್ಟೇ ಎತ್ತರದ ಹಲಗೆ ಇಟ್ಟು, ಮಟ್ಟವನ್ನೂ ಓರೆಯನ್ನೂ ಜಾಗವನ್ನೂ ಒಂದೇ ಮಾಡಿ, ಧ್ವನಿಮಟ್ಟದ ಗುಂಡಿಯನ್ನು ಮುಟ್ಟದೆ ಹೋಲಿಸಿದಾಗ ನನಗೆ ಕೋಣೆಯೊಳಗೆ ಕೇಳಿದ ವ್ಯತ್ಯಾಸ ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ಚಿಕ್ಕದು. ತಂಬೂರಿಯ ಖರ್ಜ ತುಸು ಬಿಡಿಬಿಡಿಯಾಗಿ ಕೇಳಿತು. ಗಾಯನದಲ್ಲಿ ಏನೂ ಬದಲಾಗಲಿಲ್ಲ. ಅಂಗಾಲಿಗೆ ತಟ್ಟುತ್ತಿದ್ದ ನಡುಕ ಮಾತ್ರ ಹೋಗಿಬಿಟ್ಟಿತು, ಅದು ಇಷ್ಟವಾಗುತ್ತಿದ್ದವರಿಗೆ ಡಗ್ಗಾ ಸಪ್ಪೆಯಾಯಿತೆಂದೂ ಅನ್ನಿಸಬಹುದು.

ಕೆಳಮನೆಯಲ್ಲಿ ಮಂಚದ ಬಡಿತ ನಿಂತಿದೆ. ಆದರೂ ರಾತ್ರಿ ಹತ್ತರ ಮೇಲೆ ಓಣಿ ಸ್ತಬ್ಧವಾದಾಗ 40ರಿಂದ 80 ಹರ್ಟ್ಜಿನ ಸದ್ದು ಅವರಿಗೆ ಮಂದವಾಗಿ ಕೇಳುತ್ತದೆ. ಅದು ಕೋಣೆಯ ಗಾಳಿಯೇ ಸ್ಲ್ಯಾಬನ್ನು ನೂಕಿ ದಾಟುವ ಪಾಲು, ಕಾಲಡಿಯ ಯಾವ ಉಪಾಯಕ್ಕೂ ಅದು ಸಿಗುವುದಿಲ್ಲ. ಆ ಹೊತ್ತಿಗೆ ನಾನು ಬಾಸ್ ಗುಂಡಿಯನ್ನು ಎರಡು ಗೆರೆ ಇಳಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಸ್ಪ್ರಿಂಗುಗಳಿಗೆ ತುಕ್ಕು ಹಿಡಿದಿದೆಯೇ, ಕುಗ್ಗುವಿಕೆ 5 ಮಿಲಿಮೀಟರಿನಲ್ಲೇ ಇದೆಯೇ ಎಂದು ವರ್ಷಕ್ಕೊಮ್ಮೆ ಅಳತೆಪಟ್ಟಿ ಹಿಡಿದು ನೋಡುತ್ತೇನೆ.